ಟ್ರ್ಯಾಕ್ಟರ್ ಪಾಠದ ಕೊನೆಯ ಸಾಲು

ಪರರ ವಸ್ತುವನ್ನು ಮುಟ್ಟುವ ಮೊದಲು ಅದರ ಒಡೆಯರ ಅಪ್ಪಣೆ ಪಡೆಯಬೇಕು ಎಂಬ ಒಂದೇ ಕಂಬದ ಮೇಲೆ ಮನುಷ್ಯನ ನಾಗರಿಕತೆಯೆಲ್ಲ ನಿಂತಿದೆ. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯವನಿಗೆ ಈ ಕಂಬದ ಸುದ್ದಿ ಇನ್ನೂ ಮುಟ್ಟಿಲ್ಲ. ಆಸ್ತಿ ಪತ್ರ ಕೊಡಿ, ಲಗ್ನಪತ್ರಿಕೆ ಕೊಡಿ, ಪಕ್ಕದ ಮನೆಯವರ ಜಾತಕವನ್ನೇ ಕೊಡಿ, ಅವನು ಎತ್ತುವ ಧರ್ಮಸೂಕ್ಷ್ಮದ ಪ್ರಶ್ನೆ ಒಂದೇ: "ಒಂದ್ ಕಡೀನೋ, ಎರಡೂ ಕಡೀನೋ, ಸಾರ್?"

ನಾನು ಅಂದು ಅವನ ಮುಂದೆ ಬಿಚ್ಚಿ ಹಿಡಿದದ್ದು ಒಂದು ಹಳೆಯ ಕ್ಯಾಲೆಂಡರಿನ ಹಾಳೆ. ಮುಂದೆ ಕೆಂಪು ಟ್ರ್ಯಾಕ್ಟರ್, ಅದರ ಮೇಲೆ ಎಂದೂ ಗದ್ದೆ ಕಾಣದ ಮುಖದ ಒಬ್ಬ ರೈತ, ಕೆಳಗೆ ಎಂದೋ ಮುಗಿದುಹೋದ ಒಂದು ತಿಂಗಳು. ಹಿಂದೆ, ಬಿಳಿಯ ಬೆನ್ನಿನ ಮೇಲೆ, ಬ್ರಷ್ಷಿನಿಂದ ದಪ್ಪಗೆ ಬರೆದ ಸ್ವರಗಳು.

"ಹಿಂದ ಬರದದ್ದಷ್ಟ ಬೇಕಪಾ," ಎಂದೆ.

"ಟ್ರ್ಯಾಕ್ಟರ್ ಬ್ಯಾಡೇನ್ರಿ? ಚೊಲೋ ಐತಲ್ರಿ ಟ್ರ್ಯಾಕ್ಟರ್," ಎಂದು ಅವನು ಹಾಳೆಯನ್ನು ಯಂತ್ರದ ಗಾಜಿನ ಮೇಲೆ ಮಲಗಿಸಿದ. ಅರ್ಧ ಹಾಳೆ ಹೊರಗೇ ಉಳಿಯಿತು. ಅವನು ಮುಚ್ಚಳ ಒತ್ತಿ ಹಿಡಿದು ಗುಂಡಿ ಅದುಮಬೇಕು, ಅಷ್ಟರಲ್ಲಿ ನನ್ನೊಳಗಿನ ಕಂಬ ಅಲುಗಾಡಿತು. "ತಡಿ, ತಡಿ," ಎಂದು ಹಾಳೆ ಎಳೆದುಕೊಂಡೆ. ಹಾಳೆ ನನ್ನದು ನಿಜ, ಬರೆದವರೇ ಕೈಯಾರೆ ಕೊಟ್ಟದ್ದು. ಅದರ ಮೇಲಿನ ಪಾಠ ನನ್ನದಲ್ಲ.

"ಪಾಠ ಯಾರ್ದೋ ಐತಿ. ಅವರ್ನ ಕೇಳದ ತಗೀಬಾರ್ದು."

"ಕೇಳಿದ್ರ ಏನಂತಾರ?"

"ತೀರಿಕೊಂಡಾರ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸಾರ್, ನೀವು ಯಾವ ಕಾಲದಾಗ ಅದೀರಿ?" ಎಂದ. ಇದು ನನ್ನನ್ನು ಬಹಳ ಮಂದಿ ಕೇಳಿರುವ ಪ್ರಶ್ನೆ. ಉತ್ತರವನ್ನು ಇನ್ನೂ ಸಿದ್ಧಪಡಿಸುತ್ತಿದ್ದೇನೆ.

ಆ ಹಾಳೆ ನನ್ನ ಕೈಗೆ ಬಂದಾಗ ನಾನಿನ್ನೂ ಬಳ್ಳಾರಿಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಸಂಗೀತದ ಮೇಷ್ಟ್ರು ಎಂದರೆ ಗಣಿತದ ಮೇಷ್ಟ್ರಿಗೆ ಹೆಚ್ಚುವರಿ ಪಿರಿಯಡ್ ಒದಗಿಸಲು ನಿರ್ಮಾಣವಾದ ಹುದ್ದೆ. ಅದನ್ನು ನಾನು ನಿವೃತ್ತಿಯವರೆಗೂ ನಿಷ್ಠೆಯಿಂದ ನಿಭಾಯಿಸಿದೆ. ಒಮ್ಮೆ ಶಾಲೆಯ ಹಾರ್ಮೋನಿಯಂ ಗಂಟಲು ಕಟ್ಟಿಕೊಂಡಿತೆಂದು ಸಿರುಗುಪ್ಪದ ಹಿರಿಯ ಸಂಗೀತಗಾರರೊಬ್ಬರು ಬಂದಿದ್ದರು. ರಿಪೇರಿ ಅವರ ಕಸುಬಲ್ಲ, ಪಾಠ ಹೇಳುವುದು ಕಸುಬು. ಆದರೆ ಎಲ್ಲಾದರೂ ಶ್ರುತಿ ಕೆಟ್ಟಿದೆ ಎಂದು ಕಿವಿಗೆ ಬಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹಾರ್ಮೋನಿಯಂ ಬಿಚ್ಚಿ, ಊದಿ, ಬೈದು, ಸರಿ ಮಾಡಿದ ಮೇಲೆ ತಮ್ಮ ಚೀಲದಿಂದ ಸುರುಳಿ ಸುತ್ತಿದ ಈ ಹಾಳೆ ತೆಗೆದು ಕೊಟ್ಟರು. "ಮಕ್ಳಿಗಿ ಹೇಳ್ರಿ. ಉಳದದ್ದು ಬೇಕಂದ್ರ ಸಿರುಗುಪ್ಪಕ್ಕ ಬರ್ರಿ," ಎಂದರು.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳಿಗೆ ಕೊರತೆಯಿಲ್ಲ. ಆದ್ದರಿಂದ ಹೊಸ ವರ್ಷಕ್ಕೆ ಕ್ಯಾಲೆಂಡರುಗಳಿಗೂ ಕೊರತೆಯಿಲ್ಲ. ಆ ಹಿರಿಯರು ವರ್ಷ ಕಳೆದ ಕ್ಯಾಲೆಂಡರುಗಳ ಬೆನ್ನಿನ ಮೇಲೆ, ಕೋಣೆಯ ಕೊನೆಯಲ್ಲಿ ಕೂತವರಿಗೂ ಕಾಣುವಂಥ ಅಕ್ಷರದಲ್ಲಿ, ತಾವೇ ಕಟ್ಟಿದ ಪಾಠಗಳನ್ನು ಬರೆದು ಗೋಡೆಗೆ ತೂಗುಹಾಕಿ ಹೇಳಿಕೊಡುತ್ತಿದ್ದರು. ಸರಳೆ, ಜಂಟಿ ಎಂಬ ಮೊದಲ ಸ್ವರಪಾಠಗಳನ್ನು ಮುಗಿಸಿದವರು ಗೀತೆಗೆ ಹೋಗುವ ಮೊದಲು ಕಾಲು ಜಾರದ ಹಾಗೆ ನಡುವೆ ಹಾಕಿದ ಮೆಟ್ಟಿಲುಗಳು ಅವು. ಒಂದೂ ಅಚ್ಚಾಗಿಲ್ಲ. ಯಾರಾದರೂ ಅಚ್ಚು ಹಾಕಿಸಿ ಎಂದರೆ, "ಅಚ್ಚು ಹಾಕಿದ್ದನ್ನ ಯಾರು ಓದ್ತಾರ್ರಿ?" ಎನ್ನುತ್ತಿದ್ದರಂತೆ. ನಾನು ಸಿರುಗುಪ್ಪಕ್ಕೆ ಹೋಗುವುದರೊಳಗೆ ಅವರೇ ಹೋಗಿಬಿಟ್ಟರು.

ನಿವೃತ್ತನಾದ ಮೇಲೆ ಸೈಕಲ್ ಅಂಗಡಿಯೊಂದರ ಮಾಳಿಗೆಯಲ್ಲಿ ಪಾಠ ಶುರು ಮಾಡಿದೆ. ಇದನ್ನು ಸಂಗೀತ ವಿದ್ಯಾಲಯವೆಂದು ಕರೆಯಲು ಅಡ್ಡಿಯಿಲ್ಲ, ಬೋರ್ಡಿಗೆ ಜಾಗವಿಲ್ಲ ಅಷ್ಟೇ. ಬರುವವರು ಹನ್ನೊಂದು ಮಂದಿ, ಒಬ್ಬರೂ ಮಕ್ಕಳಲ್ಲ. ರೂಪನಗುಡಿಯಿಂದ ಬೈಕಿನಲ್ಲಿ ಬರುವ ಬ್ಯಾಂಕಿನ ಕಾವಲುಗಾರ, ಔಷಧಿ ಅಂಗಡಿಯ ದಂಪತಿ, ಮೋಕದ ಕಡೆ ಹೊಲ ಮಾಡಿಕೊಂಡು ಭಜನೆಗೆ ಹಾಡುವ ರೈತರೊಬ್ಬರು, ಹೀಗೆ. ಇವರೆಲ್ಲರಿಗೂ ಟ್ರ್ಯಾಕ್ಟರ್ ಹಾಳೆಯೇ ಗೋಡೆಯ ಮೇಲಿನ ಗುರು. ಪಾಠಕ್ಕೆ ಹೆಸರಿರಲಿಲ್ಲ, ಅವರೇ 'ಟ್ರ್ಯಾಕ್ಟರ್ ಪಾಠ' ಎಂದು ಕರೆದರು. ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುತ್ತೇವೆ ಎಂದವರಿಗೆ ನಾನು ನಾಗರಿಕತೆಯ ಕಂಬದ ವಿಷಯ ಹೇಳಿದೆ. ಅವರು ಕೇಳಿಸಿಕೊಂಡರು. ವಯಸ್ಸಾದ ಶಿಷ್ಯರಲ್ಲಿ ಇದೊಂದು ಅನುಕೂಲ.

ಈ ಹನ್ನೊಂದು ಮಂದಿಯಲ್ಲಿ ಜೀನ್ಸ್ ಹೊಲಿಯುವ ಒಬ್ಬಾಕೆ ಇದ್ದಾಳೆ. ಮನೆಯಲ್ಲಿ ಎರಡು ಮಷಿನ್. ಬೆಳಗಿನಿಂದ ಸಂಜೆಯವರೆಗೆ ಪ್ಯಾಂಟಿನ ಪಕ್ಕ ಹೊಲಿಗೆ. ಕಂಠ ತುಂಬು ಕಂಠ, ಮೂರೂ ಸ್ಥಾಯಿಗೆ ಬೆದರದ್ದು. ಆದರೆ ತಾಳ? ಮೊದಲ ಪೆಟ್ಟು ಹಾಕಿದ ಕೂಡಲೇ ಆಕೆ ಹೊರಟಳೆಂದರೆ ನಾವೆಲ್ಲ ಹಿಂದೆ ಓಡಬೇಕು. ಹಿಂದಿನ ವರ್ಷ ಸಂಗೀತದ ಜೂನಿಯರ್ ಪರೀಕ್ಷೆಗೆ ಕೂತಾಗ ಪರೀಕ್ಷಕರು ಪೂರ್ತಿ ಕೇಳಿ, "ಅಮ್ಮಾ, ನಿಮಗೆ ಯಾವುದಾದರೂ ಬಸ್ ಹಿಡಿಯೋದಿತ್ತೇ?" ಎಂದರಂತೆ. ತಾಳದಲ್ಲಿ ಫೇಲು.

"ಸಾರ್, ದಿನಾ ಮಷಿನ್ ಹೊಡ್ದು ಹೊಡ್ದು ನನ್ನ ಕಾಲಿಗಿ ಅದ ತಾಳ ಕುಂತೈತ್ರಿ. ನಿಲ್ಲು ಅಂದ್ರ ನಿಲ್ಲಂಗಿಲ್ಲ," ಎಂದು ಆಕೆ ನನ್ನೆದುರು ನಕ್ಕೇ ಹೇಳಿದಳು. ನಗುವ ವಿಷಯವಾಗಿರಲಿಲ್ಲ. ಆಕೆಯ ಓಣಿಯ ಒಂದು ಖಾಸಗಿ ಶಾಲೆಯವರು ಜೂನಿಯರ್ ಪಾಸಾದರೆ ಮಕ್ಕಳಿಗೆ ಹಾಡು ಹೇಳಿಕೊಡುವ ಕೆಲಸ ಕೊಡುತ್ತೇವೆ ಎಂದಿದ್ದರು. "ಆ ಕೆಲ್ಸ ಸಿಕ್ರ ಒಂದ್ ಮಷಿನ್ ಆದ್ರೂ ಮಾರಿಬಿಡ್ತೀನಿ ಸಾರ್," ಎಂದಿದ್ದಳು.

ಆಕೆಯನ್ನು ಸ್ವಲ್ಪವಾದರೂ ತಡೆದು ನಿಲ್ಲಿಸಿದ್ದು ಟ್ರ್ಯಾಕ್ಟರ್ ಪಾಠ, ಅದರಲ್ಲೂ ಅದರ ಕೊನೆಯ ಸಾಲು. ಆ ಸಾಲಿನಲ್ಲಿ ತಾಳದ ಗೆರೆಗಳಷ್ಟೇ ಇದ್ದವು, ಸ್ವರ ಒಂದೂ ಇರಲಿಲ್ಲ. ನಾನು ಈ ಬಗ್ಗೆ ಬಹಳ ಯೋಚಿಸಿದ್ದೆ. ಯೋಚಿಸಿ, ಇದು ಮೌನದ ಸಾಲು ಎಂದು ತೀರ್ಮಾನಿಸಿ, ಶಿಷ್ಯರಿಗೆ ಹಾಗೆಯೇ ಕಲಿಸಿದ್ದೆ. ಬಾಯಿ ಮುಚ್ಚಿ, ಕೈಯಲ್ಲಿ ಮಾತ್ರ ಆದಿತಾಳದ ಎಂಟು ಎಣಿಕೆ ಹಾಕಬೇಕು: ಒಂದು ಪೆಟ್ಟು, ಮೂರು ಬೆರಳು, ಮತ್ತೆ ಪೆಟ್ಟು, ಅಂಗೈ ತಿರುವು, ಪೆಟ್ಟು, ತಿರುವು. ಎಂಟು ಮುಗಿದ ಕ್ಷಣಕ್ಕೆ ಎಲ್ಲರೂ ಒಟ್ಟಿಗೆ ಮೊದಲ ಸಾಲಿಗೆ ಬರಬೇಕು. ನಾದಕ್ಕಿಂತ ಮೌನ ದೊಡ್ಡದು ಎಂಬ ವಿಷಯದ ಮೇಲೆ ಒಂದು ಉಪನ್ಯಾಸವನ್ನೂ ಕೊಟ್ಟಿದ್ದೆ. ಔಷಧಿ ಅಂಗಡಿಯವರು ಬರೆದುಕೊಂಡರು.

ಒಂದು ಪಾಠ ಇಷ್ಟು ಮಾಡಿತೆಂದರೆ ಉಳಿದವು ಆಕೆಯನ್ನು ಪಾಸು ಮಾಡಿಸುತ್ತವೆ ಎಂದು ನನಗೆ ನಂಬಿಕೆ ಹುಟ್ಟಿತು. ಗೋಡೆ ನೋಡಿ ವಾರಕ್ಕೆರಡು ಸಲ ಹಾಡಿದರೆ ಸಾಲದು. ಮನೆಯಲ್ಲಿ ಸಾಧನೆಗೆ ಒಬ್ಬೊಬ್ಬರ ಕೈಯಲ್ಲೂ ಪ್ರತಿ ಬೇಕು. ಹೀಗಾಗಿ ಜೆರಾಕ್ಸ್ ಅಂಗಡಿಯಿಂದ ಹಾಳೆ ಹಿಂದಕ್ಕೆ ತಂದವನು ಒಂದು ಅರ್ಜಿ ಬರೆದೆ. ವಿಷಯ, ಉಲ್ಲೇಖ, ಲಗತ್ತು, 'ತಮ್ಮ ವಿಧೇಯ', ಎಲ್ಲ ಇದ್ದ ಅರ್ಜಿ. ಯಾರಿಗೆ ಎಂಬ ಜಾಗವನ್ನು ಮಾತ್ರ ಖಾಲಿ ಬಿಟ್ಟು ಸಿರುಗುಪ್ಪದ ಬಸ್ ಹತ್ತಿದೆ.

ಆ ಹಿರಿಯರ ಮಗ ಅಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾರೆ. ಒಂದು ಕಿವಿಯಲ್ಲಿ ನನ್ನ ಮಾತು, ಇನ್ನೊಂದು ಕಿವಿಯಲ್ಲಿ ಗಿರಾಕಿಯ ತೆಲುಗು. ಎರಡಕ್ಕೂ ಅವರು ತಪ್ಪದೆ ಉತ್ತರ ಕೊಡುತ್ತಿದ್ದರು. ನಾನು ಬಂದ ಕಾರಣ ಹೇಳಿದ್ದೇ ತಡ, ಕೈ ಅಗಲಿಸಿದರು.

"ಅಪ್ಪನ ಪಾಠಾನಾ? ತಗೊಂಡ್ ಹೋಗ್ರಿ ಮೇಷ್ಟ್ರೇ, ಎಲ್ಲಾ ತಗೊಂಡ್ ಹೋಗ್ರಿ. ಜೆರಾಕ್ಸ್ ಮಾಡಸ್ರಿ, ಬುಕ್ ಮಾಡಸ್ರಿ, ನಂದೇನೂ ಅಬ್ಜೆಕ್ಷನ್ ಇಲ್ಲ."

ಇಷ್ಟು ಸುಲಭಕ್ಕೆ ನಾನು ಸಿದ್ಧನಾಗಿರಲಿಲ್ಲ. ಕಣ್ಣು ಒದ್ದೆಯಾಗುವುದರಲ್ಲಿತ್ತು. "ಹಾಳಿ ಎಲ್ಲಿ ಅದಾವ್ರಿ?" ಎಂದೆ.

"ನನ್ನ ಹತ್ರ ಒಂದೂ ಇಲ್ಲ."

"ಮತ್ತ?"

"ಅಕ್ಕ ಒಯ್ದಾಳ, ಕುರುಗೋಡಿಗಿ. ಬರ್ರಿ ತೋರಸ್ತೀನಿ." ಅವರು ತೋರಿಸಿದ್ದು ಅಂಗಡಿಯ ಹಿಂದಿನ ಕೋಣೆಯ ಗೋಡೆ. ಅಲ್ಲಿ ಸಾಲಾಗಿ ಮೊಳೆಗಳು, ಪಾಠಕ್ಕೊಂದರಂತೆ. ಒಂದಕ್ಕೆ ಅವರ ಹೆಲ್ಮೆಟ್, ಒಂದಕ್ಕೆ ಫ್ಯಾನ್ ಬೆಲ್ಟು, ಉಳಿದವು ಖಾಲಿ. "ನಮಗ ಉಳದಿದ್ದು ಇವ. ಹುಡುಗಾಗಿದ್ದಾಗ ನನಗೂ ಕುಂದ್ರಿಸಿದ್ದ ಅಪ್ಪ. ಮೂರನೇ ಮೊಳಿಗಿ ಬಂದ್ಮ್ಯಾಲ, ಲೇ ನೀ ಪಂಪ್‌ಸೆಟ್ ನೋಡ್ಕೋ ಅಂದ."

ಬಾಗಿಲವರೆಗೆ ಬಂದು, ದನಿ ತಗ್ಗಿಸಿ ಹೇಳಿದರು: "ಹುಷಾರ್ರೀ. ಅಕ್ಕ ಹೆಡ್ ಮಿಸ್ಟ್ರೆಸ್ ಆಗಿ ರಿಟೈರ್ ಆಗ್ಯಾಳ. ನಾ ಇವತ್ತಿಗೂ ಆಕಿ ಮುಂದ ಕೈ ಕಟ್ಕೊಂಡ ನಿಂದ್ರೋದು. ನಾ ಪರ್ಮಿಷನ್ ಕೊಟ್ಟೀನಿ ಅಂತ ಮಾತ್ರ ಹೇಳಬ್ಯಾಡ್ರಿ."

ಮುಂದಿನ ವಾರ ಕುರುಗೋಡಿಗೆ ಹೋದೆ. ಬಸ್ ಇಳಿದು ಬೆಟ್ಟದ ಕಡೆ ಸ್ವಲ್ಪ ನಡೆದರೆ ಅವರ ಮನೆ. ಕಂಪೌಂಡಿನ ಗೇಟು ಎಣ್ಣೆ ಹಾಕಿದ್ದು, ಸದ್ದು ಮಾಡಲಿಲ್ಲ. ಮನೆಯೊಡತಿ ಅದಕ್ಕೂ ಶಿಸ್ತು ಕಲಿಸಿರಬೇಕು ಎಂದುಕೊಂಡೆ. ಬಾಗಿಲಲ್ಲಿ ನಿಂತವರು ನನಗಿಂತ ಕೆಲವು ವರ್ಷ ಹಿರಿಯರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. "ಬರ್ರಿ, ಕುಂದರ್ರಿ," ಎಂದರು. ನಾನು ಅರ್ಜಿಯನ್ನು ಎರಡೂ ಕೈಯಿಂದ ಕೊಟ್ಟೆ. ಅದನ್ನು ಅವರು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದರು. ನನ್ನ ಅರ್ಜಿಯೊಂದನ್ನು ಯಾರಾದರೂ ಪೂರ್ತಿ ಓದಿದ್ದು ನನ್ನ ಸೇವಾವಧಿಯಲ್ಲಿಯೇ ಇರಲಿಲ್ಲ.

"ಲಗತ್ತು ಒಂದು ಅಂತ ಬರ್ದೀರಿ. ಎಲ್ಲೈತಿ?"

ಸುರುಳಿ ಬಿಚ್ಚಿ ಟ್ರ್ಯಾಕ್ಟರ್ ಹಾಳೆಯನ್ನು ಕೊಟ್ಟೆ. ಅವರು ಅದನ್ನು ತಿರುಗಿಸಿ ಸ್ವರಗಳನ್ನು ನೋಡಿದರು, ಮತ್ತೆ ತಿರುಗಿಸಿ ಟ್ರ್ಯಾಕ್ಟರನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಇದು ನಿಮ್ಮ ಹತ್ರ ಐತೇನು? ಟ್ರ್ಯಾಕ್ಟರ್ ಎಲ್ಲಿ ಹೋತು ಅಂತ ನಾ ಎಲ್ಲೆಲ್ಲಿ ಹುಡಕೀನಿ! ಲಕ್ಷ್ಮಿ ಅದಾಳ, ಗಣಪತಿ ಅದಾನ, ನವಿಲು, ಗಿರಣಿ ಮಾಲಕರ ಮೊಮ್ಮಗ, ಎಲ್ಲಾ ಅದಾವ. ಟ್ರ್ಯಾಕ್ಟರ್ ಒಂದ ಇಲ್ಲ. ತಮ್ಮ ಯಾರಿಗೋ ಬಿಡಿಭಾಗ ಸುತ್ತಿ ಕೊಟ್ಟಾನ ಅಂತ ಅವನ್ನ ಬೈದೀನಿ."

ಅಲ್ಲಿಯೂ ಪಾಠಗಳಿಗೆ ಚಿತ್ರದ್ದೇ ಹೆಸರು ಎಂದು ತಿಳಿದು ನನಗೆ ನನ್ನ ಶಿಷ್ಯರ ಬಗ್ಗೆ ಒಂದು ಬಗೆಯ ಗೌರವ ಬಂತು. ಹಾಳೆ ನನ್ನ ಕೈ ಸೇರಿದ ಕತೆ ಹೇಳಿದೆ. ಜೀನ್ಸ್ ಹೊಲಿಯುವ ಆಕೆಯ ವಿಷಯ, ಪರೀಕ್ಷಕರು ಬಸ್ಸಿನ ಬಗ್ಗೆ ಕೇಳಿದ್ದು, ಓಣಿಯ ಶಾಲೆ, ಎಲ್ಲ ಹೇಳಿದೆ. ಅವರು ತಲೆದೂಗಿದರು. ಅರ್ಜಿ ಮಂಜೂರಾಗುತ್ತಿದೆ ಎಂದು ನನ್ನ ಅನುಭವಿ ಕಣ್ಣಿಗೆ ಕಂಡಿತು.

"ಸರಿ. ಹಾಡ್ರಿ ಹಂಗಾರ," ಎಂದರು.

"ನಾನಾ?"

"ನೀವ. ಟ್ರ್ಯಾಕ್ಟರ್ ಹಾಡ್ರಿ."

ಬೆನ್ನು ನೆಟ್ಟಗೆ ಮಾಡಿ, ತೊಡೆಯ ಮೇಲೆ ತಾಳ ಹಾಕಿ ಶುರು ಮಾಡಿದೆ. ಸಾಲುಗಳು ಒಂದರ ಹಿಂದೊಂದು ಚೆನ್ನಾಗಿಯೇ ಬಂದವು. ಅವರ ಬೆರಳೂ ಕುರ್ಚಿಯ ಕೈಯ ಮೇಲೆ ಎಣಿಸುತ್ತಿತ್ತು. ಕೊನೆಯ ಸಾಲು ಬಂತು. ನಾನು ಕಣ್ಣು ಮುಚ್ಚಿದೆ, ಬಾಯಿ ಮುಚ್ಚಿದೆ, ನಾದಕ್ಕಿಂತ ದೊಡ್ಡದಾದ ಮೌನವನ್ನು ಪ್ರವೇಶಿಸಿದೆ. ಪೆಟ್ಟು, ಮೂರು ಬೆರಳು,

"ಯಾಕ ನಿಂತ್ರಿ? ಮರತ್ರೇನು?"

ಕಣ್ಣು ತೆರೆಯದೆ ಕೈಯೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದೆ. ಒಬ್ಬ ಹೆಡ್ ಮಿಸ್ಟ್ರೆಸ್ಸರಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿದ್ದು ಅದೇ ಮೊದಲು, ಅದೇ ಕೊನೆ. ಎಂಟು ಮುಗಿಸಿ, ಮೊದಲ ಸಾಲಿಗೆ ಬಂದು, ನಿಲ್ಲಿಸಿ, ವಿವರಿಸಿದೆ: "ಮರತಿಲ್ಲ ಮೇಡಂ. ಅದು ಮೌನದ ಸಾಲು."

"ಎಂಥಾ ಸಾಲು?"

ಉಪನ್ಯಾಸವನ್ನು ಸಂಕ್ಷಿಪ್ತವಾಗಿ ಕೊಟ್ಟೆ. ಅರ್ಧಕ್ಕೆ ಬರುವುದರೊಳಗೆ ಅವರು ನಗುತ್ತಿದ್ದರು. ಮುಗಿಯುವುದರೊಳಗೆ ಎದ್ದು ಒಳಗೆ ಹೋಗಿ ನೀರು ಕುಡಿದು ಬಂದು, ನನ್ನ ಮುಖ ನೋಡಿ ಮತ್ತೆ ಒಳಗೆ ಹೋದರು.

ಸಂಗತಿ ಹೀಗಿತ್ತು. ಅವರ ತಂದೆ ಪ್ರತಿ ಪಾಠದ ಕೊನೆಯ ಸಾಲನ್ನು ಬೇಕೆಂದೇ ಖಾಲಿ ಬಿಡುತ್ತಿದ್ದರು. ಅದನ್ನು ಎದುರಿಗೆ ಕೂರಿಸಿ ಬಾಯಿಂದಲೇ ಹೇಳಿಕೊಡುತ್ತಿದ್ದರು. ಬರೆದುಕೊಳ್ಳುವಂತಿಲ್ಲ. "ಬರೀ ಹಾಳಿ ಸಿಕ್ಕವ್ರು ಕಲ್ತೀನಿ ಅಂತ ತಿರಗಬಾರ್ದು, ಕಲಿಯಾಕ ಒಂದ್ಸಲ ಆದ್ರೂ ಇನ್ನೊಬ್ಬರ ಮುಂದ ಕುಂದ್ರಬೇಕು ಅಂತ ಅಪ್ಪನ ಲೆಕ್ಕ," ಎಂದರು. "ಅವ ಬರೀತಿದ್ದ, ನಾ ಹಾಡ್ತಿದ್ದೆ. ಕೊನೀ ಸಾಲು ಬಂದ್ರ ಬ್ರಷ್ ಕೆಳಗಿಟ್ಟು, ಈಗ ಬಾಯಾಗ ಇಟ್ಕೋ ಅಂತಿದ್ದ."

"ಆ ಸಾಲೆಲ್ಲಾ ಈಗ ಯಾರಿಗಿ ಬರ್ತಾವ ಮೇಡಂ?"

"ನನಗೊಬ್ಬಾಕಿಗಿ."

ನಗು ನಿಂತಿತು. ನನ್ನ ಅರ್ಜಿಯನ್ನು ಮಡಿಚಿ, ಮಡಿಕೆಯ ಮೇಲೆ ಉಗುರು ಎಳೆದು, ನನಗೇ ಹಿಂದಿರುಗಿಸಿದರು. "ಬ್ಯಾಡ್ರಿ ಮೇಷ್ಟ್ರೇ. ನೀವು ಕಲ್ತವ್ರು, ಹಾಳಿ ಕೊಟ್ಟಾತನ ಮಕಾ ನೋಡಿದವ್ರು, ನೀವ ಇಲ್ಲದ ಸಾಲನ್ನ ಹನ್ನೊಂದು ಮಂದಿಗಿ ಹೇಳಿಕೊಟ್ಟೀರಿ. ಇನ್ನ ಊರೆಲ್ಲಾ ಜೆರಾಕ್ಸ್ ಆದ್ರ? ಮುಂದ ಒಬ್ಬಾವ ಬಂದು ಅಪ್ಪನ ಸಂಗೀತ ಅಂದ್ರ ಬಾಯಿ ಮುಚ್ಕೊಂಡು ಕುಂದ್ರೋದು ಅಂತಾನ."

ನಾನು ತಂದ ಸಾಕ್ಷಿಯೇ ನನ್ನ ವಿರುದ್ಧ ನುಡಿದಿತ್ತು. ಎದ್ದು ನಿಂತು ಟ್ರ್ಯಾಕ್ಟರನ್ನು ಅವರ ಟೇಬಲ್ಲಿನ ಮೇಲೆ ಇಟ್ಟೆ. "ಇದು ಇಲ್ಲೇ ಇರಬೇಕಾದ್ದು," ಎಂದೆ. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅವರು ಹಿಂದಿನಿಂದ ಕೇಳಿದರು: "ಆ ಎಂಟು ಎಣಿಕಿ ಸುಮ್ನ ಕುಂತಾಗ ನಿಮ್ಮ ಮಂದಿ ತಾಳ ತಪ್ಪಂಗಿಲ್ಲೇನು?"

"ಇಲ್ಲ."

"ಎಲ್ಲಾರೂ ಒಮ್ಮೀಗೇ ಬರ್ತಾರ? ಕಣ್ಣಾಗ ಕಣ್ಣಿಟ್ಟು ನೀವು ಸನ್ನಿ ಮಾಡದ?"

"ನಾನು ಕಣ್ಣು ಮುಚ್ಚಿರ್ತೀನಿ ಮೇಡಂ."

"ಆ ಬಸ್ಸಿನಾಕೀನೂ?"

ಇಲ್ಲಿ ನಾನು ಚಪ್ಪಲಿಯ ಬಾರು ಸರಿಮಾಡಿಕೊಂಡೆ. ಆಕೆ ಒಂದು ವಾರ ಸರಿಯಾಗಿ ಬರುತ್ತಿದ್ದಳು, ಒಂದು ವಾರ ಅರ್ಧ ಎಣಿಕೆ ಮುಂಚೆ ಹೊರಟುಬಿಡುತ್ತಿದ್ದಳು. "ಆಕೀನೂ," ಎಂದೆ. ಮೇಷ್ಟ್ರಾದವನು ತನ್ನ ಶಿಷ್ಯರ ಬಗ್ಗೆ ಸ್ವಲ್ಪ ಮುಂಗಡವಾಗಿ ಹೆಮ್ಮೆಪಟ್ಟರೆ ಅದು ಸುಳ್ಳಲ್ಲ.

"ನಾ ನಂಬಂಗಿಲ್ಲ," ಎಂದರು ಹೆಡ್ ಮಿಸ್ಟ್ರೆಸ್. "ಐತವಾರ ಬರ್ತೀನಿ. ಹೇಳಿ ತಯಾರ್ ಮಾಡಿಡಬ್ಯಾಡ್ರಿ."

ಹೇಳದೇ ಇರುವುದು ನನ್ನಿಂದಾಯಿತು, ಏಕೆಂದರೆ ಹೇಳಿದ್ದರೆ ಔಷಧಿ ಅಂಗಡಿಯವರು ಸ್ವಾಗತ ಭಾಷಣ ಬರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರು ಕೊಡೆ ಹಿಡಿದು ಮಾಳಿಗೆಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಸುರುಳಿ ಸುತ್ತಿದ ಟ್ರ್ಯಾಕ್ಟರ್. ಬಳ್ಳಾರಿಯ ಬಿಸಿಲಿಗೆ ತಗಡಿನ ಮಾಡು ಆಗಲೇ ಚಟಪಟ ಎನ್ನುತ್ತಿತ್ತು. ಕೆಳಗೆ ಸೈಕಲ್ ಅಂಗಡಿಯವನು ಒಂದು ರಿಮ್ಮಿಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದ. ಅವನ ತಾಳಕ್ಕೂ ನಮ್ಮ ತಾಳಕ್ಕೂ ಎಂದೂ ಹೊಂದಿಕೆಯಾಗಿಲ್ಲ. ಅವರು ಹಿಂದೆ, ಕಿಟಕಿಯ ಪಕ್ಕ ಕೂತರು. "ಇವ್ರು ಕುರುಗೋಡಿನವ್ರು, ಕೇಳಾಕ ಬಂದಾರ," ಎಂದಷ್ಟೇ ಹೇಳಿದೆ.

"ಸಾರ್, ಟ್ರ್ಯಾಕ್ಟರ್ ಎಲ್ರಿ?" ಎಂದ ಕಾವಲುಗಾರ, ಗೋಡೆಯ ಖಾಲಿ ಮೊಳೆ ನೋಡಿ.

"ಬಾಯಾಗ ಐತಲ್ಲ, ಸಾಕು."

ಶ್ರುತಿ ಪೆಟ್ಟಿಗೆ ಹಾಕಿದೆ. ಹನ್ನೊಂದು ಅಂಗೈಗಳು ಹನ್ನೊಂದು ತೊಡೆಗಳ ಮೇಲೆ ಒಟ್ಟಿಗೆ ಬಿದ್ದವು. ಜೀನ್ಸ್ ಹೊಲಿಯುವ ಆಕೆ ಮೊದಲ ಸಾಲಿನಲ್ಲೇ ಕೂತಿದ್ದಳು, ಬೆರಳಿಗೆ ಹತ್ತಿದ ನೀಲಿ ಬಣ್ಣ ಹಾಗೆಯೇ ಇತ್ತು. ಪಾಠ ನಡೆಯಿತು. ಅವಳ ದನಿ ಎಲ್ಲರ ಮೇಲೆ ಕೇಳುತ್ತಿತ್ತು, ಮತ್ತು ನನ್ನ ಕಿವಿಗೆ ಆ ದನಿಯೊಂದೇ ಕೇಳುತ್ತಿತ್ತು. ಕೊನೆಯ ಸಾಲಿಗೆ ಬಂದಾಗ ನಾನು ಮಾತಿನಂತೆ ಕಣ್ಣು ಮುಚ್ಚಬೇಕಿತ್ತು. ಮುಚ್ಚಿದೆ. ಒಂದನ್ನು ಸ್ವಲ್ಪ ತೆರೆದೆ.

ಹನ್ನೊಂದು ಬಾಯಿಗಳು ಮುಚ್ಚಿದವು. ಪೆಟ್ಟು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಕೆಳಗೆ ಸೈಕಲ್ ಅಂಗಡಿಯವನು ರಿಮ್ಮಿಗೆ ಧಡಧಡನೆ ನಾಲ್ಕು ಬಾರಿಸಿದ, ಬೇರೊಂದು ಲೋಕದ ಲಯದಲ್ಲಿ. ಆಕೆಯ ಭುಜ ಮೇಲೆದ್ದಿತು, ಉಸಿರು ತುಂಬಿಕೊಂಡಿತು. ಹೊರಟಳು, ಎಂದುಕೊಂಡೆ. ಪೆಟ್ಟು. ತಿರುವು. ಆಕೆ ತುಟಿ ಕಚ್ಚಿ ಹಿಡಿದಿದ್ದಳು. ಬಲಗಾಲಿನ ಹೆಬ್ಬೆರಳು ನೆಲದ ಮೇಲೆ ಮಷಿನ್ನಿನ ಪೆಡಲ್ ಒತ್ತಿದಂತೆ ನಡುಗುತ್ತಿತ್ತು. ಎಡಗಾಲನ್ನು ಅದರ ಮೇಲೆ ಇಟ್ಟು ಅದುಮಿದ್ದಳು. ಪೆಟ್ಟು. ತಿರುವು. ಮತ್ತೆ ಹನ್ನೊಂದು ಅಂಗೈಗಳ ಒಂದೇ ಸದ್ದು, ಅದರ ಮೇಲೆಯೇ ಹನ್ನೊಂದು ಕಂಠಗಳ ಒಂದೇ ಸ್ವರ. ಕೂದಲೆಳೆಯಷ್ಟೂ ಹಿಂದಿಲ್ಲ, ಮುಂದಿಲ್ಲ.

ನಾನು ಮುಖವನ್ನು ಎಂದಿನಂತೆ ಗಂಭೀರವಾಗಿ ಇಟ್ಟುಕೊಂಡೆ. ಒಳಗೆ ಏನಾಯಿತೆಂದು ಬರೆಯುವುದು ಶಿಸ್ತಲ್ಲ. ಆ ಹೊತ್ತಿಗೆ ಯಾರಾದರೂ ಪ್ರಶಸ್ತಿ ತಂದು ಕೊಟ್ಟಿದ್ದರೆ ಇಡಲು ಜಾಗವಿಲ್ಲ ಎಂದು ಹಿಂದಿರುಗಿಸುತ್ತಿದ್ದೆ, ಅಷ್ಟೇ.

"ಇನ್ನೊಂದ್ಸಲ," ಎಂದಿತು ಕಿಟಕಿಯ ಪಕ್ಕದ ದನಿ.

ಇನ್ನೊಂದು ಸಲವೂ ಹಾಗೆಯೇ ಬಂದರು. ಅವರು ಎದ್ದು ಮುಂದೆ ಬಂದು ಜೀನ್ಸ್ ಹೊಲಿಯುವ ಆಕೆಯ ಎದುರು ನಿಂತರು. "ನೀನೇನವಾ ಬಸ್ ಹಿಡಿಯಾಕಿ?"

ಆಕೆ ನನ್ನ ಕಡೆ ಒಂದು ನೋಟ ಎಸೆದಳು. ಅದರ ಅರ್ಥ ಆಮೇಲೆ ವಿಚಾರಿಸಿಕೊಳ್ಳುತ್ತೇನೆ ಎಂದು. "ಹೌದ್ರೀ ಅಮ್ಮಾ. ಈಗ ಬಿಟ್ಟೀನ್ರಿ. ಸುಮ್ನ ಕುಂದ್ರು ಅಂತ ಒಂದ್ ಸಾಲು ಐತಲ್ರಿ, ಅದ ನನ್ನ ಹಿಡದೈತಿ. ಮನ್ಯಾಗ ಮಷಿನ್ ಮ್ಯಾಗ ಕುಂತಾಗೂ ನಡುವ ನಿಲ್ಲಿಸಿ ಎಂಟು ಎಣಸ್ತೀನ್ರಿ. ಗಂಡ ಕೇಳಾಕತ್ಯಾನ, ಕರೆಂಟ್ ಹೋತೇನು ಅಂತ."

ಹೆಡ್ ಮಿಸ್ಟ್ರೆಸ್ ಈ ಬಾರಿ ನಗಲಿಲ್ಲ. ನನ್ನತ್ತ ತಿರುಗಿ ಹೇಳಿದರು: "ಅಪ್ಪ ಕೇಳಿದ್ರ ಬೈತಿದ್ದ ನಿಮಗ. ಚೊಲೋತ್ನಾಗ ಬೈತಿದ್ದ. ಆಮ್ಯಾಲ ತಾನೂ ಇದನ್ನ ಶುರು ಮಾಡ್ತಿದ್ದ." ಮತ್ತೆ, "ಸಾಲು ಹಾಡೋದು ಇದಕ್ಕಿಂತ ಸಲೀಸು," ಎಂದರು.

ನಂತರ ಅಲ್ಲೇ, ಚಾಪೆಯ ಮೇಲೆ ಕೂತು, ತಾಳ ಹಾಕಿ, ಟ್ರ್ಯಾಕ್ಟರ್ ಪಾಠದ ಕೊನೆಯ ಸಾಲನ್ನು ಹಾಡಿದರು. ದನಿ ಮಾಗಿತ್ತು, ಒಂದೆರಡು ಕಡೆ ಒಡೆಯಿತು. ಆದರೆ ಆ ಸಾಲು ಮೇಲಿನಿಂದ ಇಳಿದು ಮೊದಲ ಸಾಲಿನ ಬಾಗಿಲಿಗೆ ತಂದು ನಿಲ್ಲಿಸಿದ ರೀತಿಯಿತ್ತಲ್ಲ, ಅದನ್ನು ಕೇಳಿ ನನ್ನ ಉಪನ್ಯಾಸದ ಬಗ್ಗೆ ನನಗಿದ್ದ ಅಭಿಮಾನ ಒಂದಿಷ್ಟು ಇಳಿಯಿತು. ಔಷಧಿ ಅಂಗಡಿಯವರು ಪೆನ್ನು ತೆಗೆದರು.

"ಪೆನ್ ಒಳಗಿಡ್ರಿ!" ಎಂಬ ಕೂಗಿಗೆ ಕೆಳಗಿನ ರಿಮ್ಮಿನ ಸದ್ದೂ ನಿಂತಿತು.

ಅರ್ಜಿ ನನ್ನ ಜೇಬಿನಲ್ಲೇ ಇತ್ತು. ಕೇಳಿ ತೆಗೆದುಕೊಂಡರು. ಷರಾ ಬರೆಯಲು ಪೆನ್ನನ್ನು ಔಷಧಿ ಅಂಗಡಿಯವರಿಂದಲೇ ಇಸಿದುಕೊಂಡರು. ಎಲ್ಲ ಪಾಠಗಳನ್ನೂ ಶಿಷ್ಯರಿಗಾಗಿ ಪ್ರತಿ ಮಾಡಿಸಿಕೊಳ್ಳಬಹುದು. ಕೊನೆಯ ಸಾಲುಗಳನ್ನು ಎಲ್ಲಿಯೂ ಬರೆಯತಕ್ಕದ್ದಲ್ಲ. ಅವನ್ನು ಅರ್ಜಿದಾರರು ಖುದ್ದು ಕುರುಗೋಡಿಗೆ ಬಂದು ಕಲಿತು, ಶಿಷ್ಯರಿಗೆ ಎದುರು ಕೂರಿಸಿ ಹೇಳತಕ್ಕದ್ದು. ಟ್ರ್ಯಾಕ್ಟರ್ ಪಾಠವನ್ನು ಮಾತ್ರ ಒಂದು ಸಲ ಸಾಲಿನೊಂದಿಗೆ, ಒಂದು ಸಲ ಮೌನದೊಂದಿಗೆ ಹಾಡಿಸತಕ್ಕದ್ದು. ಕೆಳಗೆ ಸಹಿ.

"ಮೌನ ನಿಮ್ದು," ಎಂದರು. "ಅದಕ್ಕ ನಿಮ್ಮ ಪರ್ಮಿಷನ್ ಬೇಕು. ಐತೇನು?"

"ಐತ್ರಿ ಮೇಡಂ," ಎಂದೆ. ನನ್ನ ಬಾಳಿನಲ್ಲಿ ಯಾರಾದರೂ ನನ್ನ ಅನುಮತಿ ಕೇಳಿದ್ದು ಇದೊಂದೇ ಸಂದರ್ಭವಾದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಆಮೇಲೆ ಹಲವು ವಾರ ನಾನು ಕುರುಗೋಡಿನ ಬಸ್ಸಿನಲ್ಲಿ ವಿದ್ಯಾರ್ಥಿಯಾಗಿ ಓಡಾಡಿದೆ. ಪಿಂಚಣಿ ಬರುವ ವಯಸ್ಸಿನಲ್ಲಿ, "ಮನ್ಯಾಗ ಕುಂತು ಸಾಧನಿ ಮಾಡೀರಿ, ಇಲ್ಲ ಪೇಪರ್ ಓದ್ಕೊಂತ ಕುಂತಿದ್ರಿ?" ಎಂದು ಬೈಸಿಕೊಳ್ಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಲಕ್ಷ್ಮಿಯ ಕೊನೆಯ ಸಾಲು ಬೇಗ ಬಂತು. ನವಿಲಿನದು ಕಾಡಿತು. ಗಿರಣಿ ಮಾಲಕರ ಮೊಮ್ಮಗ ಚಿತ್ರದಲ್ಲಿ ಎಷ್ಟು ಮುದ್ದಾಗಿದ್ದನೋ ಪಾಠದಲ್ಲಿ ಅಷ್ಟೇ ತುಂಟ. ಒಮ್ಮೆ ಸಿರುಗುಪ್ಪದ ತಮ್ಮನೂ ಅಕ್ಕನ ಮನೆಗೆ ಬಂದಿದ್ದರು. ನಾನು ಚಾಪೆಯ ಮೇಲೆ ಕೂತು ಬೈಸಿಕೊಳ್ಳುವುದನ್ನು ಬಾಗಿಲ ಬಳಿ ಕೈ ಕಟ್ಟಿ ನಿಂತು ನೋಡಿ, ಹೋಗುವಾಗ ನನ್ನ ಕಿವಿಯಲ್ಲಿ ಹೇಳಿದರು: "ಮೂರನೇ ಮೊಳಿ ದಾಟೀರಿ ಮೇಷ್ಟ್ರೇ. ದೊಡ್ಡ ಮಾತು."

ಹಾಳೆಗಳನ್ನೆಲ್ಲ ಹೊತ್ತು, ಷರಾ ಬಿದ್ದ ಅರ್ಜಿಯನ್ನು ಮೇಲಿಟ್ಟುಕೊಂಡು, ಜೆರಾಕ್ಸ್ ಅಂಗಡಿಗೆ ಹೋದೆ. ಅವನು ಅರ್ಜಿಯನ್ನೂ ಗಾಜಿನ ಮೇಲೆ ಇಟ್ಟ. ಇದು ಪ್ರತಿ ಮಾಡುವುದಕ್ಕಲ್ಲ, ನೀನು ಓದುವುದಕ್ಕೆ ಎಂದೆ. ಅವನು ಓದಿದ. ಷರಾವನ್ನೂ ಓದಿದ. ಒಂದು ಕ್ಷಣ ಅವನ ಮುಖದ ಮೇಲೆ ಕಂಬದ ನೆರಳು ಹಾದುಹೋದಂತೆ ಕಂಡಿತು.

"ಹಂಗಾರ ಸಾರ್," ಎಂದ, "ಒಂದ್ ಕಡೀನೋ, ಎರಡೂ ಕಡೀನೋ?"

"ಎರಡೂ ಕಡಿ," ಎಂದೆ. ಚಿತ್ರವಿಲ್ಲದೆ ಪಾಠದ ಹೆಸರು ಹೇಗೆ ಹೇಳುವುದು?

ಹನ್ನೊಂದು ಮಂದಿಗೂ ಒಂದೊಂದು ಪ್ರತಿ ಕೊಟ್ಟಿದ್ದೇನೆ. ಎಲ್ಲ ಪಾಠಗಳಲ್ಲೂ ಕೊನೆಯ ಸಾಲು ಖಾಲಿ ಇದೆ. ಜೀನ್ಸ್ ಹೊಲಿಯುವ ಆಕೆ ಈ ವರ್ಷ ಮತ್ತೆ ಜೂನಿಯರ್ ಪರೀಕ್ಷೆಗೆ ಕೂತಳು. ತಾಳದಲ್ಲೂ ಪಾಸಾದಳು.